ಹಾಲುಹಲ್ಲಿನ ಗುರುತಿದ್ದ ಚಮಚ

ಯಲ್ಲಾಪುರದ ಪೇಟೆಯಲ್ಲಿ ಹಳೇ ಸಾಮಾನು ಕೊಳ್ಳುವ ಅಂಗಡಿಗಳು ಇನ್ನೂ ಉಳಿದಿದ್ದ ಕಾಲವದು. ನನ್ನ ಅಪ್ಪ, ಅಂದರೆ ಅಬ್ಬಾನ ಅಂಗಡಿಗೆ ಬ್ರಿಟಿಷರ ಕಾಲದ ಬಂಗಲೆಗಳಿಂದ ಗಡಿಯಾರ, ದೀಪ, ಬೆಳ್ಳಿ ಚಮಚಗಳು ಬರುತ್ತಿದ್ದವು. ನನ್ನ ಬೇಸಿಗೆ ರಜೆಗಳೆಲ್ಲ ಪಾತ್ರೆ ತಿಕ್ಕುವ ಹುಣಸೆಹಣ್ಣಿನ ಹುಳಿವಾಸನೆಯಲ್ಲೇ ಕಳೆದವು. ಚಮಚಗಳನ್ನು ಸಾಲಾಗಿ ಮಲಗಿಸಿ ಮನೆಯಾಟ ಆಡುತ್ತಿದ್ದೆ. ಹಿಡಿಯ ಹಿಂದೆ ನಡೆಯುವ ಸಿಂಹವಿದ್ದರೆ ಅಪ್ಪಟ ಬೆಳ್ಳಿ, ರಾಣಿಯ ತಲೆಯಿದ್ದರೆ ಬಹಳ ಹಳೆಯದು, ಪಕ್ಕದ ಒಂಟಿ ಅಕ್ಷರ ಮಾಡಿದ ವರ್ಷದ ಗುರುತು ಎಂದು ಅಬ್ಬಾ ಕಲಿಸಿದ್ದರು.

ಒಂದು ಮಧ್ಯಾಹ್ನ ಇಡಗುಂದಿಯ ನಾಗಮ್ಮ ಬಂದಳು. ಸೆರಗಿನ ಗಂಟಿನಲ್ಲಿ ಪುಟ್ಟ ಚಮಚವಿತ್ತು. ಅವಳ ಅಜ್ಜಿ ಅಲ್ಲಿನ ಬಂಗಲೆಯ ದೊರೆಯ ಮಗುವನ್ನು ನೋಡಿಕೊಳ್ಳುತ್ತಿದ್ದಳಂತೆ. ಒಂದು ದಿನ ಈ ಚಮಚ ಹಿಡಿದು ಮನೆಗೆ ಬಂದವಳು ಮತ್ತೆ ಕೆಲಸಕ್ಕೆ ಹೋಗಲೇ ಇಲ್ಲವಂತೆ. ಕಾರಣವನ್ನೂ ಹೇಳಲಿಲ್ಲವಂತೆ. ಕದ್ದು ತಂದಳೆಂದು ಊರು ಆಡಿಕೊಂಡಿತು. ಈಗ ನಾಗಮ್ಮನ ತಾಯಿ ಹಾಸಿಗೆ ಹಿಡಿದಿದ್ದಳು.

"ಬಾಗಿಲಲ್ಲಿ ಒಂದು ಮಗು ನಿಂತದೆ, ಚಮಚ ಕೇಳ್ತದೆ ಅಂತ ಅವ್ವ ಹೇಳ್ತದೆ. ಯಾರದ್ದು ಅಂತ ನೋಡಿ ಹೇಳಿ ಸಾಬ್ರೆ, ಕೊಟ್ಟುಬಿಡ್ತೆ," ಎಂದಳು ನಾಗಮ್ಮ.

ಅಬ್ಬಾ ಭೂತಗನ್ನಡಿ ಹಿಡಿದರು. ಸಿಂಹವಿತ್ತು, ರಾಣಿಯಿದ್ದಳು. ಇಸವಿ ಕೊರೆದಿದ್ದ ಇನ್ನೊಂದು ಚಮಚ ತೆಗೆದು ಅಕ್ಷರ ತಾಳೆ ನೋಡಿದರು. ಎರಡೂ ಒಂದೇ ವರ್ಷದವು. ಹಿಡಿಯ ಮುಂದೆ ಬಳ್ಳಿಯ ನಡುವೆ 'ಇ' ಎಂಬ ಇಂಗ್ಲಿಷ್ ಅಕ್ಷರ. ಮಗು ಹುಟ್ಟಿದಾಗ ಅವರಲ್ಲಿ ಇಂಥದ್ದು ಕೊಡುತ್ತಾರೆ ಎಂದರು. ನಾನು ಚಮಚದ ಅಂಚು ಸವರಿದೆ. ಬೆರಳಿಗೆ ಸಣ್ಣ ಸಣ್ಣ ತಗ್ಗುಗಳು ಸಿಕ್ಕವು.

"ಅಬ್ಬಾ, ಇದನ್ನ ಯಾರೋ ಕಚ್ಚಿದ್ದಾರೆ."

ಅಬ್ಬಾ ತಗ್ಗುಗಳ ಮೇಲೆ ಬೆರಳಾಡಿಸಿ, "ಹಾಲುಹಲ್ಲು. ಈ ಮಗು ಏನಾಯಿತೋ, ದೊರೆಗಳ ಗೋರಿಗಳಲ್ಲಿ ನೋಡೋಣ," ಎಂದರು.

ಮರುದಿನ ಬೆಳಿಗ್ಗೆ ಮೂವರೂ ಬಂಗಲೆಯ ಹಿಂದಿನ ಗೋರಿಗಳಿಗೆ ಹೋದೆವು. ಮುಳ್ಳುಪೊದೆಯೊಳಗೆ ಮೊಣಕಾಲೆತ್ತರದ ಕಲ್ಲೊಂದು ಸಿಕ್ಕಿತು. ಅದರ ಮೇಲೆ ಅದೇ 'ಇ' ಅಕ್ಷರ. ಉಳಿದ ಹೆಸರನ್ನು ಪಾಚಿ ತಿಂದಿತ್ತು. ಹುಟ್ಟಿದ್ದು ಚಮಚದ ವರ್ಷ, ಸತ್ತದ್ದು ಅದರ ಮುಂದಿನ ವರ್ಷ.

"ಕದ್ದದ್ದಲ್ಲಮ್ಮ. ಮಗು ಹೋದ ಮೇಲೆ ತಾಯಿಯೇ ಕೊಟ್ಟಿರಬೇಕು," ಎಂದರು ಅಬ್ಬಾ. ಅದು ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ನಾಗಮ್ಮನ ಮುಖ ನೋಡದೆಯೇ ಹೇಳಿದರು.

ನಾಗಮ್ಮ ಕುಕ್ಕರಗಾಲಲ್ಲಿ ಕುಳಿತು ಅತ್ತಳು. ಕೋಲಿನಿಂದ ಮಣ್ಣು ಕೆದಕಿ ಚಮಚವನ್ನು ಅಲ್ಲೇ ಹೂತಳು. ಬಾಗಿಲಲ್ಲಿ ಈಗ ಯಾರೂ ಇಲ್ಲ ಎಂದು ಅವಳ ತಾಯಿ ಹೇಳಿದಳಂತೆ. ಮಳೆಗಾಲಕ್ಕೆ ಮೊದಲೇ ತೀರಿಕೊಂಡಳು. ನಮ್ಮ ಬಾಗಿಲನ್ನು ಮಾತ್ರ ನಾನು ಬಹುಕಾಲ ತಿರುಗಿ ತಿರುಗಿ ನೋಡುತ್ತಿದ್ದೆ.

ಅಬ್ಬಾ, ನಾಗಮ್ಮ ಇಬ್ಬರೂ ಹೋಗಿ ವರ್ಷಗಳಾದವು, ಅಂಗಡಿಯೂ ಇಲ್ಲ. ಕಳೆದ ಬೇಸಿಗೆ ಆ ಕಡೆ ಹೋಗಿದ್ದೆ. ರಸ್ತೆ ಅಗಲವಾಗಿದೆ, ಗೋರಿಗಳಿದ್ದ ಜಾಗ ಸಮತಟ್ಟಾಗಿದೆ. ಅಲ್ಲೊಂದು ಮಗು ಮಲಗಿದೆ ಎಂದು ಬಲ್ಲವಳು ಈಗ ನಾನೊಬ್ಬಳೇ. ಕರೆಯೋಣವೆಂದರೆ ನನಗೂ ಅದರ ಹೆಸರು ಗೊತ್ತಿಲ್ಲ.