ರಿವರ್ಸ್ ಬೀಳದ ಲಾರಿ

ನಮ್ಮ ಅಕ್ಕನ ಗಂಡ ಹಿಟ್ಟಿನ ಗಿರಣಿಯ ಲಾರಿ ಓಡಿಸುತ್ತಿದ್ದರು. ಆ ಲಾರಿಗೆ ರಿವರ್ಸ್ ಗೇರ್ ಬೀಳುತ್ತಿರಲಿಲ್ಲ. ಗಿರಣಿಯ ಯಜಮಾನ ರಿಪೇರಿ ಮಾಡಿಸಲಿಲ್ಲ, ಭಾವ ಕೇಳಲೂ ಇಲ್ಲ. ಹಿಟ್ಟು ಇಳಿಸಬೇಕಾದ ಅಂಗಡಿ ದಾಟಿ ಹೋದರೆ ಇಡೀ ಪೇಟೆ ಸುತ್ತಿ ಮತ್ತೆ ಬರುತ್ತಿದ್ದರು. ಊಟದ ಹೊತ್ತಿಗೆ ಮೈಮರೆತು ಮನೆಯನ್ನೇ ದಾಟಿದರೆ ಅಕ್ಕ ಬಡಿಸಿದ ತಟ್ಟೆಯನ್ನು ಗೊಣಗುತ್ತ ಮುಚ್ಚಿಡುವಳು.

"ಹೆಣ್ಣು ನೋಡೋಕೆ ಬಂದಾಗ್ಲೂ ಹೀಗೇ ದಾಟಿ ಹೋಗಿದ್ರೆ ನಾನು ಬಚಾವಾಗ್ತಿದ್ದೆ."

"ಸುತ್ತಿ ಬರ್ತಿದ್ದೆ ಬಿಡೇ," ಎನ್ನುವರು ಸುತ್ತಿ ಬಂದು ಊಟಕ್ಕೆ ಕೂತ ಭಾವ.

ಯುದ್ಧ ಶುರುವಾದಾಗ ಸೈನ್ಯದವರು ಲಾರಿಯನ್ನೂ ಭಾವನನ್ನೂ ಒಟ್ಟಿಗೇ ಕರೆದೊಯ್ದರು. ಅದೇ ಹೊತ್ತಿಗೆ ಸೈನ್ಯ ಸೇರಿದ್ದ ನಮ್ಮ ತಮ್ಮನ ಬೆಟ್ಟದ ಶಿಬಿರವನ್ನು ಶತ್ರುಗಳು ಸುತ್ತುವರಿದರು. ಒಳಗೆ ತಿನ್ನಲು ಏನೂ ಉಳಿದಿಲ್ಲವೆಂದು ಸುದ್ದಿ ಬಂತು. ಅಕ್ಕ, ನಾನು ದೇವರ ಮುಂದೆ ಕೂತು ಅವನ ಜೀವವೊಂದನ್ನೇ ಬೇಡಿದೆವು.

ಶಿಬಿರ ಬಿಡಿಸಲು ಹೊರಟ ಲಾರಿಗಳ ಸಾಲಿನಲ್ಲಿ, ಊಟದ ಸಾಮಾನು ಹೊತ್ತ ಭಾವನ ಲಾರಿಯೂ ಇತ್ತು. ಗೇರಿನ ವಿಷಯ ಹೇಳಿದರೆ ತಮ್ಮನ್ನು ಬಿಟ್ಟುಹೋಗುತ್ತಾರೆಂದು ಅವರು ತುಟಿ ಪಿಟಕ್ಕೆನ್ನಲಿಲ್ಲ. ಭಾವಮೈದುನನನ್ನು ಕರೆತರದೆ ಅಕ್ಕನಿಗೆ ಮುಖ ತೋರಿಸುವುದು ಹೇಗೆ?

ಬೆಟ್ಟದ ದಾರಿ ಒಂದು ಗಾಡಿಯಷ್ಟೇ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಎಲ್ಲಕ್ಕಿಂತ ಮುಂದೆ ಭಾವನ ಲಾರಿ, ಪಕ್ಕದ ಸೀಟಿನಲ್ಲಿ ಮೇಜರ್. ತಿರುವಿನಲ್ಲಿ ಗುಂಡು ಹಾರತೊಡಗಿತು.

"ಹಿಂದಕ್ಕೆ ತಗೋ!" ಎಂದರು ಮೇಜರ್.

"ರಿವರ್ಸ್ ಬೀಳಲ್ಲ ಸಾರ್."

"ಯಾವಾಗಿಂದ?"

"ನನ್ನ ಮದುವೆಗೆ ಮುಂಚಿಂದ."

"ಅದನ್ನ ಈಗ ಹೇಳ್ತೀಯಾ?"

"ನೀವು ಕೇಳಿದ್ದೂ ಈಗಲೇ ಅಲ್ವಾ ಸಾರ್."

ಮುಂದಿನ ಗಾಜು ಪುಡಿಪುಡಿಯಾಯಿತು. ಮೇಜರ್ ಸೀಟಿನ ಕೆಳಗೆ ಇಳಿದು, "ಹಾಗಾದ್ರೆ ಮುಂದೇನೇ ಹೋಗೋ ಪುಣ್ಯಾತ್ಮ!" ಎಂದು ಕೂಗಿದರು.

ಭಾವ ಹಾರನ್ನಿನಿಂದ ಕೈ ತೆಗೆಯದೆ ನುಗ್ಗಿದರು. ಮೇಜರ್ ಸಾಹೇಬರೇ ನುಗ್ಗುತ್ತಿದ್ದಾರೆಂದು ಹಿಂದಿನ ಲಾರಿಗಳೂ ನುಗ್ಗಿದವು. ಇಷ್ಟು ಧೈರ್ಯದಿಂದ ಬರುವವರ ಬೆನ್ನಿಗೆ ದೊಡ್ಡ ಪಡೆಯೇ ಇರಬೇಕೆಂದು ಶತ್ರುಗಳು ದಾರಿ ಬಿಟ್ಟು ಓಡಿದರು. ದೇವರು ಯಾವ ರೂಪದಲ್ಲಿ ಬರುತ್ತಾನೋ ಬಲ್ಲವರಾರು? ನಮಗಂತೂ ಕೆಟ್ಟ ಗೇರಿನ ರೂಪದಲ್ಲಿ ಬಂದ.

ಲಾರಿ ನಿಂತದ್ದು ಶಿಬಿರದ ಅಡುಗೆಮನೆಯ ಗೋಡೆಗೆ ಮೂತಿ ತಾಗಿಸಿಕೊಂಡೇ. ಗಡ್ಡ ಬೆಳೆದು ಕಡ್ಡಿಯಂತಾಗಿದ್ದ ತಮ್ಮ ಓಡಿಬಂದ.

"ಭಾವ! ಈ ಡಕೋಟ ಗಾಡೀಲಿ ಬಂದ್ರಾ?"

ಭಾವ ಅವನನ್ನು ತಬ್ಬಿಕೊಂಡು ಬೆನ್ನು ಸವರಿದರು. ಆಮೇಲೆ ಹೇಳಿದರು: "ಮೊದಲು ಹೊಟ್ಟೆ ತುಂಬ ತಿನ್ನು. ನಿನ್ನ ಜೊತೆಯವರಿಗೂ ಹೇಳು. ಗಾಡಿ ಹಿಂದಕ್ಕೆ ತಳ್ಳಬೇಕು ಕಣೋ."

ಇಡೀ ಶಿಬಿರ ನಗುತ್ತ ತಳ್ಳಿತು. ಮೇಜರೂ ಹೆಗಲು ಕೊಟ್ಟರು.

ತಮ್ಮ ಮನೆಗೆ ಬಂದದ್ದು ಅದೇ ಲಾರಿಯಲ್ಲಿ. ಹಾರನ್ ಕೇಳಿ ಅಕ್ಕ, ನಾನು ಬಾಗಿಲಿಗೆ ಓಡಿದೆವು. ಕಿಟಕಿಯಿಂದ ತಮ್ಮ ಕೈ ಬೀಸಿದ, ಭಾವನೂ ಬೀಸಿದರು. ಲಾರಿ ಮನೆ ದಾಟಿ ಹೋಗೇ ಹೋಯಿತು.

ನಾನು ಅಯ್ಯೋ ಎಂದೆ. ಅಕ್ಕ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಬಡಿಸಿಟ್ಟ ಎರಡು ತಟ್ಟೆಗಳನ್ನು ಗೊಣಗದೆ ಮುಚ್ಚಿಟ್ಟಳು.

"ಸುತ್ತಿ ಬರ್ತಾರೆ ಬಿಡು," ಎಂದಳು.