ಗುಂಡು ಹಾರಿಸದ ಹೋತ

ಹೋದ ವಾರ ವಳಸಂಗದ ಹತ್ತಿರ ಗೆಳೆಯ ಬೀರಪ್ಪನ ದಾಳಿಂಬೆ ತೋಟಕ್ಕೆ ಹೋಗಿದ್ದೆ. ಬದುವಿನ ಮೇಲೆ ಕಾಲಿಟ್ಟೆನೋ ಇಲ್ಲವೋ, ಏನೋ ಒಂದು ಫಳ್ಳೆಂದು ಕಣ್ಣಿಗೆ ಹೊಡೆಯಿತು. ನೋಡಿದರೆ ಗಿಡದಿಂದ ಗಿಡಕ್ಕೆ ದಾರ ಕಟ್ಟಿ ಹಳೆಯ ಸಿ.ಡಿ.ಗಳನ್ನು ತೂಗುಬಿಟ್ಟಿದ್ದಾನೆ. ಗಾಳಿಗೆ ಅವು ತಿರುಗಿ ಬಿಸಿಲು ಮಿಂಚಿಸಿದರೆ ಗಿಳಿಗಳು ಹೆದರುತ್ತವಂತೆ. ಯಾರದೋ ಮದುವೆಯ ಸಿ.ಡಿ., ಭಜನೆಯ ಸಿ.ಡಿ., ಕಂಪ್ಯೂಟರ್ ಕ್ಲಾಸಿನ ಸಿ.ಡಿ., ಎಲ್ಲ ಒಂದೇ ಸಾಲಿನಲ್ಲಿ ತೂಗುತ್ತಿದ್ದವು. ಅವುಗಳ ನಡುವೆ ಒಂದರ ಮೇಲೆ ಮಾಸಿದ ನೀಲಿ ಶಾಯಿಯಲ್ಲಿ ‘ಹೋತ’ ಎಂದು ಬರೆದಿತ್ತು. ಅಕ್ಷರ ನನ್ನದು. ಒಳಗಿನ ಕಂಪ್ಯೂಟರ್ ಆಟ ಬೀರಪ್ಪನದು.

ನಿಮಗೆ ನಗು ಬಂದರೆ ನಕ್ಕುಬಿಡಿ. ಒಂದು ಸಿ.ಡಿ. ನೋಡಿ ಅಳುವ ವಯಸ್ಸು ನನ್ನದಲ್ಲ. ತಲೆ ಅರ್ಧ ಬೆಳ್ಳಗಾಗಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಆದರೂ ವಿಡಿಯೋ ಗೇಮ್ ಬಿಟ್ಟಿಲ್ಲ. ಬೇರೆ ಮನೆಗಳಲ್ಲಿ ಗಂಡನ ಕುಡಿತ ಮುಚ್ಚಿಡುವ ಹಾಗೆ ನನ್ನ ಹೆಂಡತಿ ಇದನ್ನು ನೆಂಟರಿಂದ ಮುಚ್ಚಿಡುತ್ತಾಳೆ. ಅವಳದೂ ತಪ್ಪಲ್ಲ.

ಈ ಚಟ ಅಂಟಿದ್ದು ಜತ್ತದ ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದೆ, ಮೆಹಬೂಬ ಮಾಮುವಿನ ಅಂಗಡಿಯಲ್ಲಿ. ಮಾಮು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಗಡಿಯಾರ ಕೆಟ್ಟರೆ ಹೊಸದನ್ನೇ ಕೊಳ್ಳತೊಡಗಿದ ಮೇಲೆ ಒಂದು ಟಿ.ವಿ., ಒಂದು ಗೇಮ್ ಡಬ್ಬಿ ತಂದು ಪರದೆ ಕಟ್ಟಿದ. ಆ ಡಬ್ಬಿಗೆ ಹಾಕುವ ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಅಚ್ಚಾಗಿರುತ್ತಿತ್ತು. ಒಳಗಿದ್ದದ್ದು ಬೆರಳೆಣಿಕೆಯವು. ಅವೇ ಹೆಸರು ಬದಲಿಸಿಕೊಂಡು ಟಿ.ವಿ.ಯಲ್ಲಿ ಮೂಡುವ ಪಟ್ಟಿಯ ಪುಟಪುಟದಲ್ಲೂ ಮತ್ತೆ ಬರುತ್ತಿದ್ದವು. ಅವುಗಳಲ್ಲಿ ರಾಜ ಎಂದರೆ ನಾವು ‘ಫೌಜಿ’ ಎನ್ನುತ್ತಿದ್ದ ಆಟ. ಬಂದೂಕು ಹಿಡಿದ ಸಿಪಾಯಿಯೊಬ್ಬ ಎಡದಿಂದ ಬಲಕ್ಕೆ ಓಡುತ್ತಾನೆ, ಗುಂಡು ಹಾರಿಸುತ್ತಾನೆ, ಸಾಯುತ್ತಾನೆ, ಎದ್ದು ಮತ್ತೆ ಓಡುತ್ತಾನೆ. ಪಟ್ಟಿಯ ಇನ್ನೊಂದು ಪುಟದಲ್ಲಿ ಅದೇ ಫೌಜಿ ಇರುತ್ತಿದ್ದ. ಆಕಾಶ ಮಾತ್ರ ಕೆಂಪು. ಆಕಾಶ ಕೆಂಪಾದರೆ ನಮಗೆ ಅದು ಹೊಸ ಆಟ.

ಇದೆಂಥ ಮೋಸ ಮಾಮು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವನು ಬೀಡಿ ಆರಿಸಿ ಹೇಳಿದ: “ಹೊಸಾದು ಐತಿ ಅಂದ್ರ ಮಂದಿ ಒಳಗ ಬರತಾರ ಬೇಟಾ. ಒಳಗ ಹಳೇದು ಇದ್ರ ಕುಂದ್ರತಾರ. ಧಂದೇಕ ಎರಡೂ ಬೇಕು.”

ಆಮೇಲೆ ದೊಡ್ಡ ದೊಡ್ಡ ಪತ್ರಿಕೆಗಳಲ್ಲಿ ಆಟದ ಉದ್ಯಮದ ಬಗ್ಗೆ ಎಷ್ಟೋ ಲೇಖನ ಓದಿದ್ದೇನೆ. ಮಾಮು ಹೇಳಿದ್ದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ಫೌಜಿಗೆ ಎರಡನೆಯ ಭಾಗ ಬಂತು, ಮೂರನೆಯದು ಬಂತು. ಮಾಮು ಟಿ.ವಿ. ತೆಗೆದು ಕಂಪ್ಯೂಟರ್ ಇಡುವ ಹೊತ್ತಿಗೆ ಫೌಜಿಯ ಮುಖದ ಮೇಲೆ ಬೆವರು ಕೂಡ ಕಾಣತೊಡಗಿತ್ತು. ಬೆವರು ಹೊಸದು, ಓಟ ಹಳೆಯದು. ನನಗೆ ಸಿಟ್ಟು ಬರುತ್ತಿತ್ತು. ಇಷ್ಟು ಬುದ್ಧಿ, ಇಷ್ಟು ಯಂತ್ರ ಇಟ್ಟುಕೊಂಡು ಈ ಜನ ಒಮ್ಮೆಯಾದರೂ ಬೇರೆ ಕಡೆ ಹೆಜ್ಜೆ ಇಡಬಾರದೇ ಎಂದು ಗೊಣಗುತ್ತಿದ್ದೆ. ಗೊಣಗುತ್ತಲೇ ಆಡುತ್ತಿದ್ದೆ, ಅದು ಬೇರೆ ಮಾತು.

ನನ್ನ ಗೊಣಗಾಟವನ್ನು ನಿಜವೆಂದು ನಂಬಿದವನು ಬೀರಪ್ಪ ಒಬ್ಬನೇ. ಕನ್ನಡ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಶೇಗಾಂವ ಕಡೆಯ ಕುರುಬರ ಮನೆಯವನು. ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಸೇರಿ ಪ್ರೋಗ್ರಾಂ ಬರೆಯುವುದನ್ನು ಕಲಿತ. ಒಂದು ದಿನ ಬಂದು, “ಲೇ, ನಾನss ಒಂದ ಆಟ ಮಾಡಾಕತ್ತೀನಿ. ಅದರಾಗ ಬಂದೂಕ ಇಲ್ಲ,” ಎಂದ.

“ಮತ್ತೇನೈತಿ?”

“ಹೋತ ಐತಿ.”

ನೀವು ಕುರಿ ಹಿಂಡು ನೋಡಿರುತ್ತೀರಿ, ಅದರೊಳಗೆ ಒಂದೋ ಎರಡೋ ಹೋತ, ಅಂದರೆ ಗಂಡಾಡು, ಇರುವುದನ್ನು ಗಮನಿಸಿರಲಿಕ್ಕಿಲ್ಲ. ಕುರುಬರು ಬೇಕೆಂದೇ ಇಟ್ಟಿರುತ್ತಾರೆ. ಕುರಿ ಎಂದೂ ತಾನಾಗಿ ಮುಂದೆ ಹೋಗುವುದಿಲ್ಲ. ನೀರು ಕಂಡರೆ ನಿಲ್ಲುತ್ತದೆ, ಹೊಸ ದಾರಿ ಕಂಡರೆ ಪಕ್ಕದ್ದರ ಹೊಟ್ಟೆಯ ಕೆಳಗೆ ತಲೆ ತೂರಿಸುತ್ತದೆ. ಹೋತ ಮಾತ್ರ ಹಳ್ಳಕ್ಕೆ ಇಳಿಯುತ್ತದೆ. ಅದು ಇಳಿದರೆ ಹಿಂಡೆಲ್ಲ ಇಳಿಯಿತು. ಬೀರಪ್ಪನ ಆಟದಲ್ಲಿ ನೀವೇ ಆ ಹೋತ. ಹಿಂದೆ ಅಷ್ಟೂ ಕುರಿಗಳು. ಮುಂದೆ ಆಳ ಗೊತ್ತಿಲ್ಲದ ಹಳ್ಳ, ಮುಳ್ಳಿನ ಬೇಲಿ, ತೋಳ ತಿರುಗುವ ಗುಡ್ಡ. ನೀವು ಅನುಮಾನಿಸಿ ನಿಂತರೆ ಹಿಂದಿನವು ನಿಂತು ಅರಚುತ್ತವೆ. ತಪ್ಪು ಕಡೆ ಇಳಿದರೆ ಎಲ್ಲವೂ ನಿಮ್ಮ ಹಿಂದೆಯೇ ಮುಳುಗುತ್ತವೆ. ಫೌಜಿಗೆ ಮೂರು ಜೀವ. ಹೋತಕ್ಕೆ ಒಂದೇ. ಒಂದೇ ಯಾಕೆ ಎಂದದ್ದಕ್ಕೆ, “ಮನ್ಯಾಗಿನ ನಮ್ಮ ಹೋತಕ್ಕ ಎಷ್ಟ ಜೀವ ಅದಾವಲೇ?” ಎಂದು ಬೀರಪ್ಪ ನನ್ನನ್ನೇ ಕೇಳಿದ್ದ.

ಇನ್ನೊಂದು ನಿಯಮವಿತ್ತು, ಅದೇ ಆಟದ ಜೀವಾಳ: ಒಮ್ಮೆ ಮೇಯ್ದ ಹುಲ್ಲು ಮತ್ತೆ ಹುಟ್ಟುವುದಿಲ್ಲ. ಹಳೆಯ ದಾರಿಗೇ ಅಂಟಿಕೊಂಡರೆ ಹಿಂಡು ಮೆಲ್ಲಗೆ ಬಡಕಲಾಗಿ ಬೀಳುತ್ತದೆ. ಇದನ್ನು ಮೊದಲ ಸಲ ಆಡಿದವನು ಕೂತಲ್ಲಿಂದ ಏಳದೆ ಮತ್ತೆ ಆಡಿದೆ. ಇದು ಬರಿಯ ಆಟದ ನಿಯಮವಲ್ಲ, ಜಗತ್ತಿನದೇ ನಿಯಮ ಎಂದುಕೊಂಡೆ. ಫೌಜಿಯ ಹುಲ್ಲೂ ಒಂದು ದಿನ ಮುಗಿಯಲೇಬೇಕು. ಆಗ ಜನ ಎಲ್ಲಿಗೆ ಹೋಗುತ್ತಾರೆ? ಇಂಥ ಹೋತದ ಹಿಂದೆಯೇ ತಾನೆ! ಆ ಹುರುಪಿನಲ್ಲಿ ಸಿ.ಡಿ.ಯ ಮೇಲೆ ಹೆಸರು ಬರೆದುಕೊಟ್ಟೆ.

ಬೀರಪ್ಪನ ಅಪ್ಪ ಮಾಳಪ್ಪ ಕಾಕಾ ಮಗನಿಗೆ ದೀಪಾವಳಿಯ ತನಕ ಬಿಡುವು ಕೊಟ್ಟಿದ್ದ. ಅಷ್ಟರಲ್ಲಿ ಈ ಆಟ ನಾಲ್ಕು ಜನಕ್ಕೆ ಹಿಡಿಸಿದರೆ ಬೀರಪ್ಪ ಅದನ್ನೇ ಮುಂದುವರಿಸಬೇಕು. ಇಲ್ಲವಾದರೆ ಕುರಿಗಳ ಜೊತೆ ಮೇವು ಹುಡುಕಿ ಕೃಷ್ಣಾ ನದಿಯ ಕಡೆ ಹೊರಡಬೇಕು, ಮತ್ತೆ ಕಂಪ್ಯೂಟರಿನ ಮಾತು ಎತ್ತಬಾರದು. ಅಪ್ಪ ಮಗ ಇಬ್ಬರೂ ಕೊಟ್ಟ ಮಾತಿಗೆ ತಪ್ಪುವವರಲ್ಲ.

ಅಮಾವಾಸ್ಯೆಯಂದು ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗುವವರು ಜತ್ತದಲ್ಲಿ ಬಸ್ಸಿಗೆ ಕಾಯುತ್ತಾರೆ. ಮಾಮುವಿನ ಅಂಗಡಿ ತುಂಬುವ ದಿನ ಅದು. ಆ ದಿನವೇ ಹೋತವನ್ನು ಹಾಕೋಣ ಎಂದು ಮಾಮುವೇ ಹೇಳಿದ. ಬಾಗಿಲಿನ ಹತ್ತಿರದ ಕಂಪ್ಯೂಟರ್ ಬಿಟ್ಟುಕೊಟ್ಟ. ಬಂದವರು ಕೂತರು, ಕೂತವರೆಲ್ಲ ಮೊದಲು ಮಾಡಿದ ಕೆಲಸ ಒಂದೇ: ಗುಂಡು ಹಾರಿಸುವ ಬಟನ್ ಒತ್ತಿದರು. ಹೋತ ಬ್ಯಾ ಎಂದಿತು.

“ಗುಂಡ ಹಾರವಲ್ದು. ಕೆಟ್ಟೈತೇನ್ರಿ ಇದು?”

“ಕೆಟ್ಟಿಲ್ರಿ. ಹೋತ ನಡಸ್ರಿ, ಕುರಿ ಹಿಂದ ಬರತಾವ,” ಎಂದು ಬೀರಪ್ಪ ಬೆನ್ನ ಹಿಂದೆ ನಿಂತು ಹೇಳುತ್ತಿದ್ದ.

“ಕುರಿ ಕಾಯೂದು ಮನ್ಯಾಗss ಐತಲ್ಲೋ ಮಾರಾಯಾ! ಫೌಜಿ ಹಾಕು.”

ಸಂಜೆಯ ಹೊತ್ತಿಗೆ ಬಾಗಿಲಿನ ಕಂಪ್ಯೂಟರಿನಲ್ಲೂ ಫೌಜಿ ಓಡುತ್ತಿದ್ದ. ಬೀರಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಮಾಮು ಚಹಾ ತಂದುಕೊಟ್ಟು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ: “ಬೇಟಾ, ಆಟ ಭಾಳ ಚಲೋ ಐತಿ. ಹೋತಕ್ಕ ಒಂದ ಬಂದೂಕ ಕೊಟ್ಟಬಿಡು.”

ಬೀರಪ್ಪ ಕೊಟ್ಟ! ಕೊಂಬಿನ ನಡುವೆ ಒಂದು ನಳಿಕೆ, ತೋಳ ಬಂದರೆ ಢಂ. ಮುಂದಿನ ಅಮಾವಾಸ್ಯೆಗೆ ಜನ ಅದನ್ನು ನೋಡಿ ಹೊಟ್ಟೆ ಹಿಡಿದು ನಕ್ಕರು. ಫೌಜಿಯ ನಕಲು, ಅದೂ ಕುರಿ ಕಟ್ಟಿಕೊಂಡ ನಕಲು ಎಂದರು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಂತಾಯಿತು. ಅವತ್ತು ನನಗೆ ಆ ಜನರ ಮೇಲೆ ಬಂದಷ್ಟು ಸಿಟ್ಟು ಮತ್ತೆ ಯಾರ ಮೇಲೂ ಬಂದಿಲ್ಲ. ಬೀರಪ್ಪ ಮಾತ್ರ ಸಿಟ್ಟು ಮಾಡಲಿಲ್ಲ. ಬಂದೂಕು ತೆಗೆದು ಆಟವನ್ನು ಮೊದಲಿನ ಹಾಗೇ ಮಾಡಿಟ್ಟ.

ದೀಪಾವಳಿ ಹತ್ತಿರ ಬಂದಾಗ ಮಾಳಪ್ಪ ಕಾಕಾ ಮಗನನ್ನು ಕರೆದೊಯ್ಯಲು ಅಂಗಡಿಗೆ ಬಂದ. ಹೆಗಲ ಮೇಲಿನ ಕಂಬಳಿ ಇಳಿಸದೆ ಬಾಗಿಲಲ್ಲೇ ನಿಂತ. ಮಾಮು, “ಕುಂದ್ರಿ ಮಾಳಪ್ಪಣ್ಣಾ, ಮಗ ಮಾಡಿದ್ದು ಒಮ್ಮಿ ನೋಡ್ರಿ,” ಎಂದು ಕುರ್ಚಿ ಎಳೆದ. ನನಗೆ ಒಳಗೊಳಗೇ ಆಸೆ ಚಿಗುರಿತು. ಇವನಿಗಾದರೂ ತಿಳಿದೀತು, ಇವನಿಗಲ್ಲದೆ ಇನ್ನಾರಿಗೆ ತಿಳಿಯಬೇಕು!

ಕಾಕಾ ಒಂದೇ ಬೆರಳಿನಿಂದ ಹೋತವನ್ನು ನಡೆಸಿದ. ಕುರಿಗಳು ಹಿಂದೆ ಬಂದದ್ದು ನೋಡಿ ನಕ್ಕ. ಹಳ್ಳದ ದಂಡೆಗೆ ಬಂದು ನಿಂತ. ಸ್ವಲ್ಪ ಹೊತ್ತು ನೋಡಿ, ಹೋತವನ್ನು ಬಂದ ದಾರಿಗೇ ತಿರುಗಿಸಿದ.

“ಹಿಂದಕ ಯಾಕಪ್ಪಾ? ಅಲ್ಲಿ ಹುಲ್ಲ ಮುಗದೈತಿ,” ಎಂದ ಬೀರಪ್ಪ.

“ಮತ್ತ ಹುಟ್ಟತೈತಿ.”

“ಇದರಾಗ ಹುಟ್ಟೂದಿಲ್ಲ. ಹಳ್ಳ ದಾಟಬೇಕು.”

ಕಾಕಾ ಬೆರಳು ತೆಗೆದು ಮಗನ ಮುಖ ನೋಡಿದ. ಬೈಯಲಿಲ್ಲ, ಅಣಕಿಸಲಿಲ್ಲ. “ಹುಲ್ಲ ಹುಟ್ಟೂದಿಲ್ಲ ಅಂದ್ರ ಅದ್ಯಾವ ಭೂಮಿ ತಮ್ಮಾ? ಅಂಥಾ ಭೂಮಿ ನಾ ಎಲ್ಲಿಯೂ ನೋಡಿಲ್ಲ,” ಎಂದು ಎದ್ದ.

ಬೀರಪ್ಪ ಕಂಪ್ಯೂಟರ್ ಆರಿಸಿ, ಸಿ.ಡಿ. ತೆಗೆದು ಅಂಗಿಯೊಳಗೆ ಇಟ್ಟುಕೊಂಡು ಅಪ್ಪನ ಹಿಂದೆ ನಡೆದ. ನಾನು ತಡೆಯಲಿಲ್ಲ. ನನ್ನಲ್ಲಿ ಆಗ ಒಂದು ನಂಬಿಕೆಯಿತ್ತು. ಕಾಕಾ ಹುಲ್ಲಿನ ಬಗ್ಗೆ ಹೇಳಿದ್ದು ನಿಜವಿರಬಹುದು, ಆದರೆ ಮನುಷ್ಯರಿಗೆ ಬೇಸರ ಎಂಬುದೊಂದಿದೆಯಲ್ಲ! ಈ ಫೌಜಿ ಇನ್ನೆಷ್ಟು ವರ್ಷ ಓಡಿಯಾನು, ಆಗ ಬೀರಪ್ಪನನ್ನು ಹುಡುಕಿಕೊಂಡು ಹೋಗೋಣ ಎಂದುಕೊಂಡೆ. ಹೀಗೆ ಕಾಯುತ್ತ ನನ್ನ ತಲೆ ಬೆಳ್ಳಗಾಯಿತು. ಮಾಮು ತೀರಿಕೊಂಡ, ಕಾಕಾ ತೀರಿಕೊಂಡ, ಬೀರಪ್ಪ ಕುರಿ ಮಾರಿ ದಾಳಿಂಬೆ ಹಾಕಿದ, ಫೌಜಿ ಮಾತ್ರ ಓಡುತ್ತಲೇ ಇದ್ದಾನೆ. ಹುಲ್ಲು ಪ್ರತಿ ವರ್ಷ ಹುಟ್ಟುತ್ತದೆ. ಮೇಯುವವರು ಪ್ರತಿ ವರ್ಷ ಹೆಚ್ಚುತ್ತಾರೆ.

ತೋಟದಲ್ಲಿ ಆ ಸಿ.ಡಿ.ಯನ್ನು ಹಿಡಿದು ತಿರುಗಿಸಿದೆ. ಬಿಸಿಲಿಗೆ ಅದರ ಬೆಳ್ಳಿ ಲೇಪ ಅಲ್ಲಲ್ಲಿ ಸುಲಿದು ಆಚೆಯ ಗಿಡ ಕಾಣುತ್ತಿತ್ತು.

“ಇನ್ನೊಂದು ಪ್ರತಿ ಐತೇನಲೇ?”

“ಎಲ್ಲಿಂದ ಬರಬೇಕು?” ಎಂದ ಬೀರಪ್ಪ, ಟೊಂಗೆ ಸವರುತ್ತ. “ಇರಲಿ ಬಿಡು. ಅದನ್ನ ಬಿಚ್ಚಿದ್ರ ಈ ಸಾಲಿಗೆ ಗಿಳಿ ಬೀಳತಾವ.”

“ಇದಕ್ಕ ಅಂಜತಾವೇನು?”

“ಮೊದಲ ಮೊದಲ ಅಂಜತಿದ್ವು. ರೂಢಿ ಆದಮ್ಯಾಲ ಅದರ ದಾರದ ಮ್ಯಾಲss ಕುಂದ್ರತಾವ.” ಇನ್ನೊಂದು ಟೊಂಗೆ ಹಿಡಿದು ಕೇಳಿದ: “ಫೌಜಿ ಹೊಸಾದು ಬಂದೈತಂತಲ್ಲ, ಆಡಿದ್ಯೇನು?”

“ಆಡೀನಿ.”

“ಹ್ಯಾಂಗೈತಿ?”

ಕೆಟ್ಟದಾಗಿದೆ ಎನ್ನಬೇಕೆಂದು ಬಾಯಿ ತೆರೆದೆ. ಹೋತ ಮಾಡಿದವನ ಮುಂದೆ ನಿಂತು ಅಷ್ಟಾದರೂ ಹೇಳುವುದು ನನ್ನ ಧರ್ಮ ಅನ್ನಿಸಿತು. ಆದರೆ ಅದು ಕೆಟ್ಟದಾಗಿರಲಿಲ್ಲ. ಎರಡು ರಾತ್ರಿ ಊಟ ಮರೆತು ಆಡಿದ್ದೆ.

“ಚಲೋ ಐತಿ,” ಎಂದೆ.

“ಮತ್ತೊಮ್ಮಿ ಬರೂವಾಗ ತಗೊಂಡ ಬಾ ಹಂಗಾದ್ರ,” ಎಂದ. ಅವನ ದನಿಯಲ್ಲಿ ನೋವೂ ಇರಲಿಲ್ಲ, ಕುಹಕವೂ ಇರಲಿಲ್ಲ. ಅವನಿಗೆ ನಿಜವಾಗಿಯೂ ಬೇಕಾಗಿತ್ತು. ನನಗೆ ಅಳು ಬಂದದ್ದು ಅದಕ್ಕೇ.

ಮನೆಗೆ ಬಂದವನು ಬಟ್ಟೆ ಕೂಡ ಬದಲಿಸದೆ ಕಂಪ್ಯೂಟರ್ ಮುಂದೆ ಕೂತೆ. ಹೋತದ ಬಗ್ಗೆ ಏನಾದರೂ ಬರೆಯೋಣವೆಂದು ಕೂತದ್ದು. ಕೈ ತಾನಾಗಿಯೇ ಫೌಜಿಯನ್ನು ತೆರೆಯಿತು. ಎಲ್ಲಿ ಜಿಗಿಯಬೇಕು, ಎಲ್ಲಿ ಬಗ್ಗಬೇಕು ಎಂಬುದೆಲ್ಲ ಬೆರಳಿಗೆ ಗೊತ್ತಿತ್ತು. ಎಡದಿಂದ ಬಲಕ್ಕೆ ಓಡಿದೆ. ಈ ಸಲ ಆಕಾಶ ಕೆಂಪಾಗಿತ್ತು.