ಮೆಟ್ಟಿಲ ಬುಡದಲ್ಲಿ ಕೂತು ಮೀಟಿಂಗ್ ನಡೆಸಿದ ಸತ್ಯಣ್ಣ

ಹೋದ ದಸರಾ ಮುಗಿದ ಮೇಲಿನ ಭಾನುವಾರದಿಂದ ಈ ತಿಂಗಳವರೆಗೆ...
ತಿಂಗಳಿಗೊಂದರಂತೆ ಎಂಟು ಪ್ಲಾನಿಂಗ್ ಮೀಟಿಂಗ್.
ಎಂಟರಲ್ಲೂ ನಾವು ಒಬ್ಬ ಮನುಷ್ಯನನ್ನು ಮೆಟ್ಟಿಲ ಬುಡದಲ್ಲಿ ಕೂರಿಸಿದೆವು.

ಆ ಮನುಷ್ಯ ಇವತ್ತು ಬೆಳಿಗ್ಗೆ ಹೋಗಿಬಿಟ್ಟರು.
ಸತ್ಯಣ್ಣ...
ಇನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆಯಷ್ಟೇ ಯಾವುದೋ ಬಗ್ ಬಗ್ಗೆ ವಾಯ್ಸ್ ಮೆಸೇಜ್ ಕಳಿಸಿದ್ದರು. ಕೊನೆಯಲ್ಲಿ ನಗು ಇತ್ತು. ಮತ್ತೆ ಕೇಳಿಸಿಕೊಳ್ಳುವ ಧೈರ್ಯ ನನಗಿಲ್ಲ.

ಪರಿಚಯ ಇಲ್ಲದವರಿಗೆ ಹೇಳುತ್ತೇನೆ.
ಸತ್ಯಣ್ಣ ಭದ್ರಾವತಿ ಓಲ್ಡ್ ಟೌನಿನವರು. ಚಿಕ್ಕಂದಿನ ಪೋಲಿಯೊದಿಂದ ಎಡಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ತಾವಾಗಿಯೇ ಪ್ರೋಗ್ರಾಮಿಂಗ್ ಕಲಿತವರು.
ನಮ್ಮ ಡೆವಲಪರ್‌ಗಳ ಗುಂಪನ್ನು ಶುರು ಮಾಡಿದವರಲ್ಲಿ ಅವರೊಬ್ಬರು, ನಾನೊಬ್ಬ. ಹನ್ನೊಂದು ವರ್ಷದ ಹಿಂದೆ ಮೊದಲ ಪ್ಲಾನಿಂಗ್ ಮೀಟಿಂಗ್ ಆಗಿದ್ದು ನಮ್ಮೂರಿನ ನವುಲೆ ಬಡಾವಣೆಯ ಒಂದು ಕ್ಯಾಂಟೀನ್ ಬೆಂಚಿನ ಮೇಲೆ. ಆಗ ಪ್ರೊಜೆಕ್ಟರ್ ಇರಲಿಲ್ಲ... ಮೆಟ್ಟಿಲೂ ಇರಲಿಲ್ಲ.

ಒಂದೊಂದು ಕೆಲಸಕ್ಕೂ ಒಂದೊಂದು ಕಾರ್ಡ್ ಹಾಕುವ ನಮ್ಮ ಟಾಸ್ಕ್ ಬೋರ್ಡಿನಲ್ಲಿ ಎಲ್ಲ ಕಡೆ ಇರುವಂತೆ ಮೂರು ಕಾಲಂ ಇದ್ದವು. ಮಾಡಬೇಕು, ಮಾಡುತ್ತಿದ್ದೇವೆ, ಮುಗಿಯಿತು.
ಸತ್ಯಣ್ಣ ನಾಲ್ಕನೆಯದೊಂದು ಸೇರಿಸಿದರು. "ನೋಡೋಣ".

"ನಮ್ಮ ಕಡೆ ಆಗಲ್ಲ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳಿದ್ದು ಕೇಳಿದೀಯಾ ಮಾರಾಯ? ನೋಡೋಣ ಅಂತಾರೆ. ಆ ಕೆಲಸಗಳೂ ಪಾಪ ಎಲ್ಲಾದ್ರೂ ಇರ್ಬೇಕಲ್ಲ!"

ಎಲ್ಲರೂ ನಕ್ಕಿದ್ದೆವು.

ಗುಂಪು ಬೆಳೆಯಿತು. ಊರ ನಡುವಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಹಾಲ್ ಸಿಕ್ಕಿತು. ಎಸಿ, ವೈಫೈ, ಗುಂಡನೆಯ ಟೇಬಲ್...
ಲಿಫ್ಟ್ ಇಲ್ಲ.
ಅವತ್ತು ಸತ್ಯಣ್ಣ ಬಂದಿರಲಿಲ್ಲ. ಉಳಿದ ಐವರು ಆಯೋಜಕರು ಕೈ ಎತ್ತಿ ಒಪ್ಪಿದೆವು. ನಾನೂ ಎತ್ತಿದೆ.

ಮುಂದಿನ ಸಲ ಅವರು ಭದ್ರಾವತಿಯಿಂದ ಬಸ್ ಹತ್ತಿ ಬಂದರು. ಮೆಟ್ಟಿಲನ್ನು ಒಮ್ಮೆ ನೋಡಿದರು. ಕೇರ್‌ಟೇಕರ್ ಮುನಿಯಪ್ಪನ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೆಳಗೇ ಕೂತು, ಫೋನಿನಲ್ಲಿ ವಿಡಿಯೊ ಆನ್ ಮಾಡಿದರು.
"ನಾನು ಗ್ರೌಂಡ್ ಫ್ಲೋರ್ ಬ್ರಾಂಚ್ ಆಫೀಸು. ಹೆಡ್ ಆಫೀಸಿನೋರು ಶುರು ಹಚ್ಕೊಳ್ಳಿ."
ಮತ್ತೆ ನಕ್ಕೆವು...

ಅವರ ಕುರ್ಚಿಯ ಪಕ್ಕದಲ್ಲೇ ಬೀಗ ಹಾಕಿದ ಒಂದು ದೊಡ್ಡ ಕೋಣೆ ಇತ್ತು.
"ಈ ಕೆಳಗಿನ ರೂಮ್ ಸಿಗುತ್ತಾ, ಒಂದ್ ಮಾತು ಕೇಳ್ರಪ್ಪ" ಎಂದರು.
ಮೇಲಿನಿಂದ ಯಾರೋ "ನೋಡೋಣ ಸತ್ಯಣ್ಣ" ಎಂದರು.
ಆ ಕೆಲಸದ ಕಾರ್ಡ್ ನಾಲ್ಕನೇ ಕಾಲಮ್ಮಿಗೆ ಹೋಯಿತು. ಅದರ ಮೇಲೆ ಹೊಣೆ ಹೊತ್ತವರ ಹೆಸರೇ ಇಲ್ಲ. ಈಗಲೂ ಅಲ್ಲೇ ಇದೆ.

ಸತ್ಯಣ್ಣ, ನೀವೇ ಮುನಿಯಪ್ಪನನ್ನು ಕೇಳಬಹುದಿತ್ತಲ್ಲ ಎಂದು ನಾನೊಮ್ಮೆ ಜಾಣನ ಹಾಗೆ ಹೇಳಿದ್ದೆ.
ನೀವು ಏನಂದಿರಿ, ನೆನಪಿದೆ.
"ನಾನು ಕೇಳಿದ್ರೆ ಪಾಪ ಕುಂಟ ಅಂತ ಕೊಡ್ತಾರೆ. ನೀವು ಕೇಳಿದ್ರೆ ಅದು ಗುಂಪಿನ ಜಾಗ ಆಗುತ್ತೆ."
ಅಷ್ಟು ಬಿಡಿಸಿ ಹೇಳಿದ ಮೇಲೂ ನಾನು ಕೇಳಲಿಲ್ಲ ಸತ್ಯಣ್ಣ...
ಅಂಗವಿಕಲರೂ ಬಳಸಬಲ್ಲ ವೆಬ್‌ಸೈಟ್ ಮಾಡುವುದು ಹೇಗೆ ಎಂಬ ಕಾರ್ಯಕ್ರಮವನ್ನು ನಾವು ಅದೇ ಮೂರನೇ ಮಹಡಿಯಲ್ಲಿ ಪ್ಲಾನ್ ಮಾಡಿದೆವು. ಅದರ ಸ್ಲೈಡ್‌ಗಳನ್ನು ನೀವು ಕೆಳಗೆ ಕೂತು ತಿದ್ದಿಕೊಟ್ಟಿರಿ. ಆ ಕಾರ್ಯಕ್ರಮದ ಕಾರ್ಡ್ ಮಾತ್ರ "ಮುಗಿಯಿತು" ಕಾಲಮ್ಮಿನಲ್ಲಿದೆ.

ಬೆಳಿಗ್ಗೆ ರಾಗಿಗುಡ್ಡದ ಮನೆಯಿಂದ ಓಲ್ಡ್ ಟೌನಿಗೆ ಹೊರಟವನು, ದಾರಿಯಲ್ಲಿ ಆ ಕಟ್ಟಡದ ಮುಂದೆ ಬೈಕ್ ನಿಲ್ಲಿಸಿದೆ. ಸುದ್ದಿ ಕೇಳಿ ಮುನಿಯಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.
"ಅಯ್ಯೋ... ಬಂದಾಗೆಲ್ಲ ನಂಗೂ ಒಂದು ಟೀ ಹೇಳೋರು ಸಾರ್."
"ಈ ರೂಮ್ ಯಾಕಪ್ಪ ನಮಗೆ ಕೊಡಲಿಲ್ಲ?"
"ಯಾರ್ ಕೇಳಿದ್ರಿ ಸಾರ್? ಭಾನುವಾರ ಖಾಲೀನೇ ಬಿದ್ದಿರುತ್ತೆ. ಚಾವಿ ನನ್ ಹತ್ರಾನೇ ಐತಲ್ಲ." ಜೇಬಿನಿಂದ ತೆಗೆದು ತೋರಿಸಿದ.

ಹಾರ್ಟ್ ಅಟ್ಯಾಕ್ ಎಂದು ಡಾಕ್ಟರ್ ಹೇಳಿದ್ದಾರೆ. ಆ ಮೆಟ್ಟಿಲಿಗೂ ಈ ಸಾವಿಗೂ ನಾನು ಗಂಟು ಹಾಕುತ್ತಿಲ್ಲ.
ಆದರೆ ಆ ಎಂಟು ಭಾನುವಾರಗಳು ಅವರವು. ಅವನ್ನು ಕಿತ್ತುಕೊಂಡವರು ನಾವು.

ಮಧ್ಯಾಹ್ನ ಅವರ ಮನೆಯ ಜಗುಲಿಯಲ್ಲಿ ಕೂತಿದ್ದಾಗ ಗ್ರೂಪಿನಲ್ಲಿ ನೋಟಿಸ್ ಬಂತು.
ಈ ಭಾನುವಾರ ಸತ್ಯಣ್ಣನವರಿಗೆ ಶ್ರದ್ಧಾಂಜಲಿ ಸಭೆ. ಕುಟುಂಬದವರಿಗೂ ಆಹ್ವಾನ.
ಸ್ಥಳ: ಮೂರನೇ ಮಹಡಿ ಹಾಲ್.

ಅವರ ಹೆಂಡತಿ ಶಾರದಕ್ಕ ನನ್ನ ಫೋನನ್ನು ಈಸಿಕೊಂಡು ಓದಿದರು. ಅವರಿಗೂ ಎರಡೂ ಮಂಡಿ ಹೋಗಿ ವರ್ಷಗಳಾದವು.
"ಈಗ ಲಿಫ್ಟ್ ಹಾಕ್ಸಿದಾರಾ? ಇಲ್ಲ ಅಂತಿದ್ರಲ್ಲ ಇವ್ರು..."
ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದರು.
ನಾನು ಫೋನ್ ಜೇಬಿಗೆ ಹಾಕಿಕೊಂಡೆ.

ಸುಸ್ತಾಗಿದೆ... ಸಿಟ್ಟು ಮಾಡುವುದಕ್ಕೂ ಸುಸ್ತು.

ಹೋಗಿ ಬನ್ನಿ ಸತ್ಯಣ್ಣ. ನಿಮ್ಮ ಜೀವಕ್ಕೆ ತಂಪಾದ, ಸಮತಟ್ಟಾದ ಒಂದು ಜಾಗ ಸಿಗಲಿ.

ಉಳಿದ ನಾಲ್ವರು ಆಯೋಜಕರೇ,
ಎಂಟು ತಿಂಗಳಲ್ಲಿ ಆ ಕೋಣೆಯನ್ನು ಕೇಳಿದವರು ನಮ್ಮಲ್ಲಿ ಒಬ್ಬರಾದರೂ ಇದ್ದಾರೆಯೇ? ನನ್ನ ಉತ್ತರ ಮೊದಲು ಬರೆಯುತ್ತೇನೆ. ನಾನು ಕೇಳಲಿಲ್ಲ. ಬೇರೆ ಯಾರೋ ಕೇಳಿರುತ್ತಾರೆ ಅಂದುಕೊಂಡೆ.
ನಿಮ್ಮದನ್ನು ನನ್ನ ಇನ್‌ಬಾಕ್ಸಿಗೆ ಕಳಿಸಬೇಡಿ. ಈ ಪೋಸ್ಟಿನ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ನಿಮ್ಮ ನಿಮ್ಮ ಹೆಸರಿನಲ್ಲಿ ಬರೆಯಿರಿ.
ಜೊತೆಗೆ ಇದನ್ನೂ ಹೇಳಿ...
ಭಾನುವಾರ ಶಾರದಕ್ಕ ಯಾವ ಬಾಗಿಲಿಗೆ ಬರಬೇಕು?